ಪರದೆಯ ಅಂಕಿಯಿಂದ ದೋಷದ ಮೂಲಕ್ಕೆ: ಡೀಸೆಲ್ ಲಾರಿಯ ಮೇಲೆ ಒಂದು ಟ್ಯಾಬ್ಲೆಟ್ ಪಾಠ

ವಿಭಾಗ: ಐ.ಟಿ.ಐ., ಡೀಸೆಲ್ ಮೆಕ್ಯಾನಿಕ್
ಅವಧಿ: 90 ನಿಮಿಷ
ಪೂರ್ವಜ್ಞಾನ: ಓಮ್‌ನ ನಿಯಮ, ಮಲ್ಟಿಮೀಟರ್ ಬಳಕೆ, ಎಂಜಿನ್ ತಂಪುಗೊಳಿಸುವ ವ್ಯವಸ್ಥೆ
ಬೋಧನೋಪಕರಣಗಳು: 24 ವೋಲ್ಟ್ ಲಾರಿ, ಅದಕ್ಕೆ ಹೊಂದುವ ಡಯಾಗ್ನೋಸ್ಟಿಕ್ ಅಡಾಪ್ಟರ್, ಟ್ಯಾಬ್ಲೆಟ್, ಮಲ್ಟಿಮೀಟರ್, ಜಂಪರ್ ತಂತಿ, ವೈರಿಂಗ್ ನಕ್ಷೆ

ಉದ್ದೇಶಗಳು
1. ಟ್ಯಾಬ್ಲೆಟ್ ತೋರಿಸುವ ಅಂಕಿ ಎಲ್ಲಿಂದ ಬರುತ್ತದೆ ಎಂಬುದನ್ನು ವಿದ್ಯಾರ್ಥಿಯು ವಿವರಿಸುವನು.
2. ಅಸಂಭವ ಅಂಕಿಯನ್ನು ಗುರುತಿಸುವನು.
3. ದೋಷವು ಸೆನ್ಸರಿನಲ್ಲಿದೆಯೋ ತಂತಿಯಲ್ಲಿದೆಯೋ ಎಂಬುದನ್ನು ಪರೀಕ್ಷಿಸಿ ನಿರ್ಧರಿಸುವನು.

ಮೊದಲ ಪಾಠ ಏಕೆ ಸೋತಿತು

ಈ ವಿಷಯವನ್ನು ನಾನು ಎರಡು ಬಾರಿ ಬೋಧಿಸಿದೆ. ಮೊದಲ ಬಾರಿ ದೋಷಸಂಕೇತಗಳ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದೆ. ಭಾರೀ ವಾಹನಗಳ ಜೆ 1939 ಪದ್ಧತಿಯಲ್ಲಿ ಸಂಕೇತಕ್ಕೆ ಎರಡು ಮುಖ್ಯ ಭಾಗಗಳಿವೆ. ಎಸ್‌ಪಿಎನ್ ಎಂಬುದು ಯಾವ ವಿಷಯ ಎಂದು ಹೇಳಿದರೆ, ಎಫ್‌ಎಂಐ ಎಂಬುದು ಯಾವ ಬಗೆಯ ದೋಷ ಎಂದು ಹೇಳುತ್ತದೆ. ಎಸ್‌ಪಿಎನ್ 100 ಎಂದರೆ ಆಯಿಲ್ ಒತ್ತಡ, 110 ಎಂದರೆ ಕೂಲೆಂಟ್ ಉಷ್ಣತೆ. ಎಫ್‌ಎಂಐ 3 ಎಂದರೆ ವೋಲ್ಟೇಜ್ ಮಿತಿಗಿಂತ ಹೆಚ್ಚು, 4 ಎಂದರೆ ಮಿತಿಗಿಂತ ಕಡಿಮೆ. ಮಕ್ಕಳು ಚೆನ್ನಾಗಿಯೇ ಬಾಯಿಪಾಠ ಮಾಡಿದರು.

ಕೊನೆಯಲ್ಲಿ, "ಎಸ್‌ಪಿಎನ್ 110, ಎಫ್‌ಎಂಐ 3 ಬಂದರೆ ಏನು ಮಾಡುವಿರಿ?" ಎಂದು ಕೇಳಿದೆ. ಇಡೀ ತರಗತಿ ಒಕ್ಕೊರಲಿನಿಂದ "ಸೆನ್ಸರ್ ಬದಲಾಯಿಸುತ್ತೇವೆ ಸರ್" ಎಂದಿತು. ನಾನೂ ತಲೆದೂಗಿಬಿಟ್ಟೆ. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ನಮ್ಮಪ್ಪ ಲಾರಿ ಓಡಿಸ್ತಾರೆ ಸರ್. ಎರಡು ಸಲ ಸೆನ್ಸರ್ ಹಾಕಿಸಿದ್ರು. ದೀಪ ಮತ್ತೆ ಬಂತು" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಸಂಕೇತವನ್ನು ಓದುವುದನ್ನಷ್ಟೇ ನಾನು ಕಲಿಸಿದ್ದೆ. ದೋಷ ಹುಡುಕುವುದನ್ನು ಕಲಿಸಿರಲಿಲ್ಲ. ಮಾರ್ಗದರ್ಶಕ ಉಪನ್ಯಾಸಕರ ಸಲಹೆಯಂತೆ ಪಾಠವನ್ನು ಮತ್ತೆ ಯೋಜಿಸಿದೆ.

ಎರಡನೆಯ ಪಾಠದ ಸಿದ್ಧತೆ

ಕಾರ್ಯಾಗಾರದ ಲಾರಿಯಲ್ಲಿ ಕೂಲೆಂಟ್ ಸೆನ್ಸರಿನ ಸಿಗ್ನಲ್ ತಂತಿಯ ನಡುವೆ ಒಂದು ಸ್ವಿಚ್ ಜೋಡಿಸಿ ಮರೆಮಾಡಿದೆ. ಸ್ವಿಚ್ ತೆರೆದರೆ ತಂತಿ ತುಂಡಾದಂತೆ. ಸೆನ್ಸರ್ ಮಾತ್ರ ಸರಿಯಾಗಿಯೇ ಇತ್ತು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡೆಗಟ್ಟೆ ಇಟ್ಟೆವು. ಕಾರಿನ 12 ವೋಲ್ಟಿಗಷ್ಟೇ ತಯಾರಾದ ಅಡಾಪ್ಟರನ್ನು 24 ವೋಲ್ಟ್ ಲಾರಿಗೆ ಜೋಡಿಸಿದರೆ ಅದು ಸುಟ್ಟುಹೋಗಬಹುದೆಂದು ಮೊದಲೇ ತಿಳಿಸಿದೆ.

ಬೋಧನಾ ಕ್ರಮ

ಹಂತ 1: ಅಂಕಿಯನ್ನು ಪ್ರಶ್ನಿಸುವುದು. ಬೆಳಗ್ಗೆ, ರಾತ್ರಿಯಿಡೀ ನಿಂತಿದ್ದ ಎಂಜಿನ್. ಕೀ ಆನ್, ಎಂಜಿನ್ ಆಫ್. ಟ್ಯಾಬ್ಲೆಟ್‌ನಲ್ಲಿ ಒಳಬರುವ ಗಾಳಿಯ ಉಷ್ಣತೆ 24 ಡಿಗ್ರಿ, ಕೂಲೆಂಟ್ ಉಷ್ಣತೆ ಮೈನಸ್ 40. "ಇದನ್ನು ನಂಬುತ್ತೀರಾ?" ಎಂದೆ. ಮಕ್ಕಳು ನಕ್ಕರು. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಇವೆರಡೂ ಹತ್ತಿರ ಹತ್ತಿರ ಇರಬೇಕು. ಇದೇ ಮೊದಲ ಪರೀಕ್ಷೆ, ಇದಕ್ಕೆ ಯಾವ ಉಪಕರಣವೂ ಬೇಡ.

ಹಂತ 2: ಮೈನಸ್ 40 ಏಕೆ? ಈ ಸೆನ್ಸರ್ ಒಂದು ಥರ್ಮಿಸ್ಟರ್. ತಂಪಾದಷ್ಟೂ ಅದರ ರೋಧ ಹೆಚ್ಚು. ಸಾಮಾನ್ಯ ಬಗೆಯೊಂದರಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 80 ಡಿಗ್ರಿಗೆ ಸುಮಾರು 300 ಓಮ್. ಇಸಿಯು ತನ್ನೊಳಗಿನ ಒಂದು ಸ್ಥಿರ ರೋಧಕದ ಮೂಲಕ 5 ವೋಲ್ಟ್ ಕಳುಹಿಸಿ, ಸಿಗ್ನಲ್ ತಂತಿಯ ವೋಲ್ಟೇಜನ್ನು ಅಳೆಯುತ್ತದೆ. ರೋಧ ಹೆಚ್ಚಿದ್ದರೆ ವೋಲ್ಟೇಜ್ ಹೆಚ್ಚು, ಅಂದರೆ ತಂಪು. ತಂತಿ ತುಂಡಾದರೆ ರೋಧ ಅನಂತ. ವೋಲ್ಟೇಜ್ 5ಕ್ಕೆ ಏರುತ್ತದೆ. ಇಸಿಯು ಅದನ್ನು ಕಡುಚಳಿ ಎಂದು ಓದಿ, "ವೋಲ್ಟೇಜ್ ಹೆಚ್ಚು" ಎಂಬ ಸಂಕೇತ ದಾಖಲಿಸುತ್ತದೆ. ಅಂದರೆ ಸಂಕೇತವು ಸೆನ್ಸರ್ ಕೆಟ್ಟಿದೆ ಎಂದು ಹೇಳುತ್ತಲೇ ಇಲ್ಲ. ಆ ವಿದ್ಯುತ್ ಮಂಡಲದಲ್ಲಿ ಎಲ್ಲೋ ತೊಂದರೆ ಇದೆ ಎಂದಷ್ಟೇ ಹೇಳುತ್ತದೆ. ಕೆಲವು ವಾಹನಗಳಲ್ಲಿ ದೋಷ ಬಂದಾಗ ಇಸಿಯು ಬದಲಿ ಅಂಕಿಯನ್ನು ತೋರಿಸುತ್ತದೆ, ಇಲ್ಲವೇ ಪರದೆಯಲ್ಲಿ ಬರಿಯ ಗೆರೆ ಕಾಣುತ್ತದೆ ಎಂಬುದನ್ನೂ ಹೇಳಿದೆ.

ಹಂತ 3: ಅರ್ಧಕ್ಕೆ ಸೀಳುವ ಪರೀಕ್ಷೆ. ಇದು ಎರಡು ತಂತಿಯ ಸೆನ್ಸರ್ ಎಂದು ನಕ್ಷೆಯಲ್ಲಿ ಖಚಿತಪಡಿಸಿಕೊಂಡ ಮೇಲೆ ಕನೆಕ್ಟರ್ ಬಿಚ್ಚಿ, ತಂತಿಯ ಕಡೆಯ ಎರಡು ಪಿನ್ನುಗಳನ್ನು ಜಂಪರಿನಿಂದ ಸೇರಿಸಲು ಹೇಳಿದೆ. ಆಗ ರೋಧ ಸೊನ್ನೆ. ಪರದೆಯ ಅಂಕಿ ಮೇಲಿನ ತುದಿಗೆ ಜಿಗಿದರೆ ತಂತಿ, ಇಸಿಯು ಎರಡೂ ಸರಿ, ಸಂಶಯ ಸೆನ್ಸರಿನ ಮೇಲೆ. ಜಿಗಿಯದಿದ್ದರೆ ದೋಷ ತಂತಿಯಲ್ಲಿ ಅಥವಾ ಇಸಿಯುನಲ್ಲಿ. ಅಂಕಿ ಮೈನಸ್ 40ರಲ್ಲೇ ನಿಂತಿತು. ತರಗತಿಯಲ್ಲಿ ಸದ್ದಿಲ್ಲ. ಹೊಸ ಸೆನ್ಸರ್ ಹಾಕಿದ್ದರೆ ಹಣ ಹೋಗುತ್ತಿತ್ತು, ದೋಷ ಹೋಗುತ್ತಿರಲಿಲ್ಲ.

ಈ ಜಂಪರ್ ಪರೀಕ್ಷೆ ಇಂಥ ಎರಡು ತಂತಿಯ ಉಷ್ಣತಾ ಸೆನ್ಸರಿಗೆ ಮಾತ್ರ. ಮೂರು ತಂತಿಯ ಒತ್ತಡದ ಸೆನ್ಸರಿನಲ್ಲಿ 5 ವೋಲ್ಟ್ ಪೂರೈಕೆಯನ್ನು ಹೀಗೆ ಅಡ್ಡಸೇರಿಸಬಾರದು.

ಹಂತ 4: ಅಳತೆ. ಕೀ ಆನ್ ಇಟ್ಟು ಕನೆಕ್ಟರಿನ ಸಿಗ್ನಲ್ ಪಿನ್ನಿನಲ್ಲಿ ಅಳೆದರು. 5 ವೋಲ್ಟ್ ಇರಬೇಕಾದಲ್ಲಿ ಸೊನ್ನೆ. ಕೀ ಆಫ್ ಮಾಡಿ, ಬ್ಯಾಟರಿ ಬೇರ್ಪಡಿಸಿ, ತಂತಿಯ ಎರಡೂ ತುದಿಗಳ ನಡುವಿನ ಸಂಪರ್ಕ ಪರೀಕ್ಷಿಸಿದರು. ಸಂಪರ್ಕವಿಲ್ಲ. ತಂತಿಯನ್ನು ಕೈಯಿಂದ ಸವರುತ್ತಾ ಹೋಗಿ ಸ್ವಿಚ್ ಪತ್ತೆಮಾಡಿದರು. ಅದನ್ನು ಮುಚ್ಚಿ ಎಲ್ಲವನ್ನೂ ಮರುಜೋಡಿಸಿದಾಗ ಕೂಲೆಂಟ್ 25 ಡಿಗ್ರಿ ತೋರಿಸಿತು. ಸಂಕೇತ ಅಳಿಸಿ, ಎಂಜಿನ್ ಚಾಲೂ ಮಾಡಿ, ಅಂಕಿ ನಿಧಾನವಾಗಿ ಏರುವುದನ್ನು ನೋಡಿದೆವು. ದುರಸ್ತಿಯ ನಂತರ ಹೀಗೆ ಖಚಿತಪಡಿಸಿಕೊಳ್ಳುವುದು ಪಾಠದ ಭಾಗವೇ. ಬರೀ ಸಂಕೇತ ಅಳಿಸಿದರೆ ದೀಪ ಆರುತ್ತದೆ, ದೋಷ ಉಳಿಯುತ್ತದೆ.

ಎಚ್ಚರಿಕೆ

ಓಡುತ್ತಿರುವ ಕಾಮನ್ ರೈಲ್ ಎಂಜಿನ್ನಿನ ಇಂಧನ ಕೊಳವೆಯನ್ನು ಎಂದೂ ಸಡಿಲಿಸಬಾರದು. ಹೊರೆಯಲ್ಲಿ ಅಲ್ಲಿನ ಒತ್ತಡ 1,600 ಬಾರ್ ದಾಟಬಹುದು. ಸೂಜಿಯಂಥ ಆ ಧಾರೆ ಚರ್ಮವನ್ನು ಭೇದಿಸಿ ಒಳಹೋಗುತ್ತದೆ. ಅಲ್ಲಿನ ಒತ್ತಡ ತಿಳಿಯಲು ಟ್ಯಾಬ್ಲೆಟ್ ಇದೆ.

ಮೌಲ್ಯಮಾಪನ

1. ಜಂಪರ್ ಹಾಕಿದಾಗ ಅಂಕಿ ಮೇಲಿನ ತುದಿಗೆ ಜಿಗಿಯಿತು. ಮುಂದೆ ಏನನ್ನು ಪರೀಕ್ಷಿಸುವಿರಿ?
2. ಸಿಗ್ನಲ್ ತಂತಿಯು ಚಾಸಿಗೆ ತಾಗಿದರೆ ಎಫ್‌ಎಂಐ 3 ಬರುವುದೋ 4 ಬರುವುದೋ? ಏಕೆ?
3. ಈ ದೋಷವನ್ನು ಹಾಗೇ ಬಿಟ್ಟು ಲಾರಿ ಓಡಿಸಿದರೆ ಅಪಾಯವೇನು?

ಮೂರನೆಯ ಪ್ರಶ್ನೆಗೆ ಬಂದ ಒಳ್ಳೆಯ ಉತ್ತರ ಹೀಗಿತ್ತು: "ಎಂಜಿನ್ ಕುದಿಯುತ್ತಿದ್ದರೂ ಇಸಿಯುಗೆ ತಿಳಿಯುವುದಿಲ್ಲ, ಆದ್ದರಿಂದ ಡ್ರೈವರಿಗೆ ಎಚ್ಚರಿಕೆ ಬರುವುದಿಲ್ಲ."

ಅವಲೋಕನ

90 ನಿಮಿಷ ಸಾಲಲಿಲ್ಲ. ಹಂತ 2ಕ್ಕೇ ಅರ್ಧ ಗಂಟೆ ಹಿಡಿಯಿತು. ಒಂದೇ ಟ್ಯಾಬ್ಲೆಟ್ ಇದ್ದುದರಿಂದ ಹಿಂದೆ ನಿಂತವರಿಗೆ ಪರದೆ ಕಾಣಲಿಲ್ಲ. ಮುಂದಿನ ಬಾರಿ ಐದೈದು ಜನರ ಗುಂಪು ಮಾಡಿ, ಒಬ್ಬನು ಅಂಕಿಯನ್ನು ಗಟ್ಟಿಯಾಗಿ ಓದುವ, ಒಬ್ಬನು ಬರೆದುಕೊಳ್ಳುವ ಕ್ರಮ ಇಡುವೆ. ಪರೀಕ್ಷೆಗೆ ಮೊದಲು ಪ್ರತಿಯೊಬ್ಬನೂ ತನ್ನ ಊಹೆಯನ್ನು ಬರೆಯಬೇಕು ಎಂದದ್ದು ಫಲ ಕೊಟ್ಟಿತು. ತಪ್ಪು ಊಹೆ ಕಾಗದದ ಮೇಲಿದ್ದರೆ ತಿದ್ದಲು ಸುಲಭ.

ತರಗತಿ ಮುಗಿದ ಮೇಲೆ ಆ ಹುಡುಗ ಜಂಪರ್ ತಂತಿಯನ್ನು ಹಿಂತಿರುಗಿಸಲು ಬಂದ. "ಭಾನುವಾರ ಅಪ್ಪ ಬರ್ತಾರೆ ಸರ್. ಮೊದಲು ನಕ್ಷೆ ಎಲ್ಲಿ ಸಿಗುತ್ತೆ ಹೇಳಿ" ಎಂದ. ಅವನು ಕೇಳಿದ್ದು ಸೆನ್ಸರಿನ ಬೆಲೆಯನ್ನಲ್ಲ, ನಕ್ಷೆಯನ್ನು. ಪಾಠದ ಉದ್ದೇಶ ಅವನಲ್ಲಿ ಈಡೇರಿದೆ ಎಂದು ನನ್ನ ದಾಖಲೆಯಲ್ಲಿ ಬರೆದುಕೊಂಡೆ.