ಎಂಜಿನ್ ದೀಪ ಆರಿಸುವ ಮುಂಚೆ ಕಾರಣ ಹುಡುಕಿ

ನಾನು ಚಳ್ಳಕೆರೆ ಕಡೆಯ ಮಳೆಯಾಶ್ರಿತ ರೈತ. ಶೇಂಗಾ, ತೊಗರಿ, ಒಂದಿಷ್ಟು ಕುರಿ. ಓದಿದ್ದು ಏಳನೇ ಕ್ಲಾಸು. ನಮ್ಮೂರಿಗೆ ರಾತ್ರಿ ಬಸ್ಸಿಲ್ಲ. ಆಸ್ಪತ್ರೆ, ಸಂತೆಗೆ ಆಗಲಿ ಅಂತ 2014ರ ಮಾಡೆಲ್ಲಿನ ಹಳೇ ಪೆಟ್ರೋಲ್ ಕಾರೊಂದನ್ನು ಕೊಂಡಿದ್ದೇನೆ. ಮೂರು ಸಿಲಿಂಡರಿನದು.

ಹೋದ ಕಾರ್ತೀಕದಲ್ಲಿ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಗಾಡಿ ಸ್ವಲ್ಪ ನಡುಗುತ್ತಿತ್ತು, ಆದರೂ ಓಡುತ್ತಿತ್ತು. ‘ಬ್ಯಾಟರಿ ವೈರು ಬಿಚ್ಚಿ ಹಾಕು, ಆರಿ ಹೋಗ್ತದೆ’ ಅಂದರು ಯಾರೋ. ಹಂಗೇ ಮಾಡಿದೆ, ದೀಪ ಆರಿತು. ಎಂಟು ದಿನಕ್ಕೆ ಮತ್ತೆ ಬಂತು, ಮತ್ತೆ ಬಿಚ್ಚಿದೆ. ಹೀಗೆ ಮೂರು ಸಲ. ಜಾಣನಾದೆ ಅಂದುಕೊಂಡಿದ್ದೆ.

ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ರಾತ್ರಿ ನೋವು ಶುರುವಾಯಿತು. ಅವಳನ್ನು ಕೂರಿಸಿಕೊಂಡು ಹೊರಟರೆ ನಾಲ್ಕು ಮೈಲಿ ದಾಟುವುದರೊಳಗೆ ದೀಪ ಮಿಣುಕಲು ಹತ್ತಿತು. ಏರಿನಲ್ಲಿ ಗಾಡಿ ಎಳೆಯಲಿಲ್ಲ, ಗಡಗಡ ನಡುಗಿ ನಿಂತೇಬಿಟ್ಟಿತು. ದೇವರ ದಯೆ, ಈರುಳ್ಳಿ ತುಂಬಿದ ಲಾರಿಯವರೊಬ್ಬರು ನಿಲ್ಲಿಸಿ ಕರೆದೊಯ್ದರು. ತಾಯಿ ಮಗು ಚೆನ್ನಾಗಿದ್ದಾರೆ. ಆದರೆ ಕತ್ತಲಲ್ಲಿ ನಿಂತಿದ್ದ ಆ ಅರ್ಧ ಗಂಟೆಯನ್ನು ನಾನು ಮರೆಯಲಾರೆ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೋಡು ಅಂದ್ರೆ ಏನು?

ಈಗಿನ ಎಂಜಿನ್ನಿನಲ್ಲಿ ಒಂದು ಸಣ್ಣ ಕಂಪ್ಯೂಟರ್ ಇದೆ. ಗಾಳಿ, ಪೆಟ್ರೋಲು, ಕಿಡಿ, ಬಿಸಿ ಇವೆಲ್ಲದರ ಲೆಕ್ಕ ಇಡುವುದು ಅದರ ಕೆಲಸ. ಲೆಕ್ಕ ತಪ್ಪಿದರೆ ಒಂದು ನಂಬರು ಬರೆದಿಟ್ಟುಕೊಂಡು ದೀಪ ಹಚ್ಚುತ್ತದೆ. ಈ ವ್ಯವಸ್ಥೆಗೆ ಓ.ಬಿ.ಡಿ. ಅನ್ನುತ್ತಾರೆ. ನಮ್ಮ ದೇಶದಲ್ಲಿ ಬಿ.ಎಸ್. 4 ಕಾರುಗಳಿಗೆ 2010ರ ಏಪ್ರಿಲ್‌ನಿಂದ ಇದರ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ ಕಡ್ಡಾಯವಾಯಿತು.

ಸ್ಟೇರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ ಬಗ್ಗಿ ನೋಡಿ. 16 ತೂತಿನ ಒಂದು ಸಾಕೆಟ್ ಇರುತ್ತದೆ. ನಂಬರು ಓದುವ ಉಪಕರಣವನ್ನು ಅಲ್ಲಿಗೆ ಚುಚ್ಚಬೇಕು. ಮೊಬೈಲಿಗೆ ಜೋಡಿಸಿ ಓದುವಂಥದ್ದು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ನಾವು ನಾಲ್ಕು ಮನೆಯವರು ಸೇರಿ ಒಂದು ತಂದಿದ್ದೇವೆ.

ನನ್ನ ಕಾರು ತೋರಿಸಿದ ನಂಬರು ಪಿ0302. ‘ಪಿ’ ಅಂದ್ರೆ ಎಂಜಿನ್ ಮತ್ತು ಗೇರಿಗೆ ಸೇರಿದ್ದು. ಮುಂದಿನ ಸೊನ್ನೆ, ಎಲ್ಲಾ ಕಂಪನಿಗೂ ಒಂದೇ ಅರ್ಥದ ಕೋಡು ಅಂತ. ಆಮೇಲಿನ 3 ಅಂದ್ರೆ ಕಿಡಿ ಹತ್ತುವುದಕ್ಕೆ ಸಂಬಂಧಪಟ್ಟದ್ದು. ಅಲ್ಲಿ 1 ಅಥವಾ 2 ಇದ್ದರೆ ಗಾಳಿ, ಪೆಟ್ರೋಲಿನದು. ಕೊನೆಯ 02 ಅಂದ್ರೆ ಎರಡನೇ ಸಿಲಿಂಡರು.

ಒಂದು ಗ್ಯಾರೇಜಿನಲ್ಲಿ ಈ ನಂಬರು ನೋಡಿದ ಕೂಡಲೇ ‘ಮೂರೂ ಕಾಯಿಲ್ ಬದಲಿಸಬೇಕು, ಎಂಟು ಸಾವಿರ ಆಗ್ತದೆ’ ಅಂದರು. ನನಗೆ ಧೈರ್ಯ ಸಾಲಲಿಲ್ಲ. ಟ್ರ್ಯಾಕ್ಟರ್ ವೈರಿಂಗ್ ಮಾಡುವ ಪರಿಚಯದ ಹುಡುಗನ ಹತ್ತಿರ ಹೋದೆ. ಅವನು ಹೇಳಿದ ಮಾತು ಇದು: ‘ಯಜಮಾನ್ರೇ, ಪಾರ್ಟು ಹೋಗಿದೆ ಅಂತ ಕೋಡು ಹೇಳ್ತಿಲ್ಲ. ಎರಡನೇ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರೀಲಿಲ್ಲ ಅಂತ ಅಷ್ಟೇ ಹೇಳ್ತಿದೆ. ಯಾಕೆ ಅಂತ ನಾವು ಹುಡುಕಬೇಕು.’

ನಿಜ ಅಲ್ಲವೇ? ಶೇಂಗಾ ಎಲೆ ಹಳದಿ ಆದರೆ ನಾವು ಎಲೆಗೆ ಹಸಿರು ಬಣ್ಣ ಬಳಿಯುವುದಿಲ್ಲ. ಕಬ್ಬಿಣದ ಕೊರತೆಯೋ, ನೀರು ನಿಂತದ್ದೋ, ಬೇರು ಕೊಳೆತದ್ದೋ ಅಂತ ಗಿಡ ಕಿತ್ತು ನೋಡುತ್ತೇವೆ.

ಹುಡುಕಿದ ಕ್ರಮ

1. ಮೊದಲು ನಂಬರನ್ನು ಚೀಟಿಯಲ್ಲಿ ಬರೆದುಕೊಂಡ. ಆ ಹೊತ್ತಿನ ವೇಗ, ಬಿಸಿ ಎಷ್ಟಿತ್ತು ಅನ್ನುವುದೂ ಉಪಕರಣದಲ್ಲಿ ಸಿಗುತ್ತದೆ. ಅಳಿಸಿದರೆ ಎಲ್ಲಾ ಹೋಯಿತು. ನಾನು ಮೂರು ಸಲ ಅಳಿಸಿದ್ದು ಈ ಸಾಕ್ಷಿಯನ್ನೇ.

2. ಬ್ಯಾಟರಿ ನೋಡಿದ. ಎಂಜಿನ್ ಬಂದ್ ಇದ್ದಾಗ ಸುಮಾರು 12.6 ವೋಲ್ಟ್, ಓಡುವಾಗ 13.5ರಿಂದ 14.5 ಇರಬೇಕು. ಬ್ಯಾಟರಿ ಸೋತಿದ್ದರೆ ಇಲ್ಲದ ರೋಗದ ಕೋಡುಗಳೂ ಬರುತ್ತವೆ. ನನ್ನದು ಸರಿಯಿತ್ತು.

3. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಎರಡನೇ ಸಿಲಿಂಡರಿನ ಕಾಯಿಲ್ ತೆಗೆದು ಮೂರನೆಯದಕ್ಕೂ, ಮೂರನೆಯದನ್ನು ಎರಡಕ್ಕೂ ಹಾಕಿದ. ಕಾಯಿಲ್ ಕೆಟ್ಟಿದ್ದರೆ ಕೋಡು ಪಿ0303 ಆಗಬೇಕಿತ್ತು. ಆಗಲಿಲ್ಲ, 0302 ಆಗಿಯೇ ಉಳಿಯಿತು. ಕಾಯಿಲ್ ನಿರಪರಾಧಿ!

4. ಪ್ಲಗ್ಗುಗಳನ್ನೂ ಹಾಗೇ ಅದಲು ಬದಲು ಮಾಡಿದ. ಆಗಲೂ 0302.

5. ಕೊನೆಗೆ ಎರಡನೇ ಕಾಯಿಲಿಗೆ ಹೋಗುವ ವೈರನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ಹೋದ. ಹೊದಿಕೆಯೊಳಗೆ ಇಲಿ ಕಡಿದಿತ್ತು! ಎರಡು ಮೂರು ಎಳೆ ತಾಮ್ರ ಮಾತ್ರ ಉಳಿದಿತ್ತು. ರಸ್ತೆ ಕುಲುಕಿದಾಗ ಬಿಡುತ್ತಿತ್ತು, ಮತ್ತೆ ಕೂಡುತ್ತಿತ್ತು.

ನಾನು ಕಾರು ನಿಲ್ಲಿಸುತ್ತಿದ್ದದ್ದು ಶೇಂಗಾ ಹೊಟ್ಟಿನ ಬಣವೆ ಪಕ್ಕದಲ್ಲಿ. ಬಾನೆಟ್ಟಿನೊಳಗೆ ಶೇಂಗಾ ಸಿಪ್ಪೆಯ ರಾಶಿಯೇ ಇತ್ತು. ಬ್ಯಾಟರಿ ವೈರು ಬಿಚ್ಚಲು ಮೂರು ಸಲ ಬಾನೆಟ್ ಎತ್ತಿದ್ದರೂ ನಾನು ಆ ಕಡೆ ಕಣ್ಣು ಹಾಯಿಸಿರಲಿಲ್ಲ. ಅಷ್ಟೇ ದಪ್ಪದ ತುಂಡು ವೈರು ಸೇರಿಸಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ಹಾಕಿದ. ಬರೀ ಟೇಪು ಸುತ್ತಿದರೆ ಎಂಜಿನ್ ಬಿಸಿಗೆ ಬಿಚ್ಚಿಕೊಳ್ಳುತ್ತದಂತೆ. ಖರ್ಚು 350 ರೂಪಾಯಿ.

ಅಳಿಸುವುದು ಯಾವಾಗ?

ರಿಪೇರಿ ಆದ ಮೇಲೆ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಆನ್ ಮಾತ್ರ ಮಾಡಿ, ಉಪಕರಣದಲ್ಲಿ ಅಳಿಸುವ ಗುಂಡಿ ಒತ್ತಬೇಕು. ಆಮೇಲೆ ಏರು ಇಳಿವು ಇರುವ ದಾರಿಯಲ್ಲಿ ಓಡಿಸಿ ಮತ್ತೊಮ್ಮೆ ಓದಿ. ಕೆಲವು ಕೋಡುಗಳು ಎರಡನೇ ಸಲ ಓಡಿಸಿದ ಮೇಲೆಯೇ ದೀಪ ಹಚ್ಚುತ್ತವೆ. ಅದಕ್ಕೇ ಒಂದೇ ದಿನಕ್ಕೆ ಗೆದ್ದೆವು ಅನ್ನಬಾರದು. ಬ್ಯಾಟರಿ ಬಿಚ್ಚಿದರೂ ಅನೇಕ ಕಾರುಗಳಲ್ಲಿ ಕೋಡು ಅಳಿಯುತ್ತದೆ. ಆದರೆ ಕಂಪ್ಯೂಟರ್ ಕಲಿತಿಟ್ಟುಕೊಂಡ ಲೆಕ್ಕವೂ ಅಳಿದು ಕೆಲವು ದಿನ ಎಂಜಿನ್ ಒಂದೇ ಸಮ ನಿಲ್ಲುವುದಿಲ್ಲ.

ನೆನಪಿಡಿ

* ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ಬೇಗ ತೋರಿಸಿ. ಮಿಣುಕುತ್ತಿದ್ದರೆ ವೇಗ ತಗ್ಗಿಸಿ, ಆದಷ್ಟು ಬೇಗ ನಿಲ್ಲಿಸಿ. ಉರಿಯದ ಪೆಟ್ರೋಲು ಸೈಲೆನ್ಸರ್ ಪೈಪಿನ ಹೊಗೆ ಶುದ್ಧಿ ಮಾಡುವ ಡಬ್ಬಿಗೆ ಹೋಗಿ ಅದು ಕೆಂಡದಂತೆ ಕಾಯುತ್ತದೆ. ಆ ಗಾಡಿಯನ್ನು ಒಣ ಹುಲ್ಲು, ಹೊಟ್ಟಿನ ಮೇಲೆ ನಿಲ್ಲಿಸಲೇಬೇಡಿ.

* ಕೆಂಪು ಬಣ್ಣದ ಆಯಿಲ್ ದೀಪ ಅಥವಾ ಬಿಸಿಯ ದೀಪ ಬಂದರೆ ಅಲ್ಲೇ ಎಂಜಿನ್ ಆರಿಸಿ. ಅದು ಕಾಯುವ ಮಾತಲ್ಲ.

* ಹಳದಿ ಹೊದಿಕೆಯ ವೈರುಗಳು ಏರ್‌ಬ್ಯಾಗಿನವು. ಮುಟ್ಟಬೇಡಿ.

* ಹೊಟ್ಟು, ಕಾಳಿನ ಹತ್ತಿರ ಕಾರು ನಿಲ್ಲಿಸಬೇಡಿ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ.

ಈಗ ನಮ್ಮ ಕಾರು ಬಯಲಲ್ಲಿ ನಿಲ್ಲುತ್ತದೆ, ಪಕ್ಕದಲ್ಲಿ ಇಲಿ ಬೋನು ಇದೆ. ಆದರೂ ಇಲಿ ಕಾಟ ಪೂರ್ತಿ ನಿಂತಿಲ್ಲ. ಇದಕ್ಕೆ ಒಳ್ಳೇ ಉಪಾಯ ಕಂಡುಕೊಂಡ ರೈತರು ದಯವಿಟ್ಟು ಪತ್ರಿಕೆಗೆ ಬರೆಯಿರಿ.