ಹಿತ್ತಿಲ ಹಿಂದಿನ ಸಂದಿ

ಪ್ರಶ್ನೆ: ಮಲ್ಲೇಶ್ವರದಲ್ಲಿ ನಮ್ಮ ತಾತನ ಕಾಲದ ಮನೆಯಿದೆ. ಅದರ ಹಿತ್ತಿಲಾಚೆ ಒಂದು ಕಿರಿದಾದ ಸಂದಿ. ಮುಂದೆ ಅಷ್ಟು ಅಗಲದ ರಸ್ತೆ ಮಾಡಿದವರು ಹಿಂದೆ ಈ ಸಂದಿ ಬಿಟ್ಟಿದ್ದೇಕೆ? ಅದನ್ನು ಮನೆಗೆ ಸೇರಿಸಿಕೊಳ್ಳಬಹುದೇ?

ಉತ್ತರ: ಅದು ಮಲ ಹೊರುವವರು ಓಡಾಡಲೆಂದು ಬಿಟ್ಟ ದಾರಿ. ದಾಖಲೆಗಳಲ್ಲಿ ಅದರ ಹೆಸರು ಕನ್ಸರ್ವೆನ್ಸಿ ಲೇನ್. ಆ ಬಡಾವಣೆ ಎದ್ದಾಗ ಮನೆಮನೆಗೆ ಒಳಚರಂಡಿ ಇರಲಿಲ್ಲ. ಕಕ್ಕಸು ಹಿತ್ತಿಲ ಕೊನೆಯಲ್ಲಿ, ಗೋಡೆಗೆ ಅಂಟಿಕೊಂಡಿರುತ್ತಿತ್ತು. ಒಮ್ಮೆ ಸಂದಿಯೊಳಗೆ ಹೋಗಿ ನಿಮ್ಮ ಹಿಂಗೋಡೆಯನ್ನು ನೋಡಿ. ನೆಲದ ಮಟ್ಟದಲ್ಲಿ ಸಣ್ಣ ಕಿಂಡಿಯೋ, ಅದನ್ನು ಮುಚ್ಚಿದ ಬೇರೆ ಬಣ್ಣದ ಇಟ್ಟಿಗೆಗಳೋ ಇನ್ನೂ ಉಳಿದಿರಬಹುದು. ಆ ಕಿಂಡಿಯಿಂದ ಡಬ್ಬಿಯನ್ನು ಹೊರಗೆಳೆದು ಖಾಲಿ ಮಾಡಿಕೊಂಡು ಹೋಗುತ್ತಿದ್ದರು.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲಿ ಗೋಡೆಗೆ ಗೋಡೆ ತಾಗಿದ, ಗಾಳಿ ಬೆಳಕಿಲ್ಲದ ಮನೆಗಳು. ಪಕ್ಕದಲ್ಲೇ ದವಸದ ಮಂಡಿಗಳು. ಇಲಿ ಸತ್ತು ಬಿತ್ತೆಂದರೆ ಜನ ಮನೆ ಬಿಟ್ಟು ಊರಾಚೆಯ ಗುಡಿಸಲು ಸೇರುತ್ತಿದ್ದರು. ಮೊದಲೇ ಯೋಚನೆಯಲ್ಲಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಕೆಲಸ ಚುರುಕಾದದ್ದು ಆಗಲೇ. ನೇರ ರಸ್ತೆ, ಅಡ್ಡರಸ್ತೆ, ಮನೆಯ ಸುತ್ತ ಖಾಲಿ ಜಾಗ, ಹಿಂದೆ ಈ ಸಂದಿ.

ಇಂಥ ಬಡಾವಣೆಯ ಯೋಚನೆ ಹುಟ್ಟಿದ್ದು ಇಂಗ್ಲೆಂಡಿನ ಕೈಗಾರಿಕಾ ಊರುಗಳಲ್ಲಿ. ಕೂಲಿಕಾರರ ಕೇರಿಗಳ ಹೊಲಸಿಗೂ ರೋಗಕ್ಕೂ ಸಂಬಂಧವಿದೆಯೆಂದು ಎಡ್ವಿನ್ ಚಾಡ್ವಿಕ್ 1842ರಲ್ಲಿ ವರದಿ ಕೊಟ್ಟ. 1848ರಲ್ಲಿ ಅಲ್ಲಿ ಸಾರ್ವಜನಿಕ ಆರೋಗ್ಯ ಕಾಯ್ದೆಯೇ ಬಂತು. ಕೊಳೆತ ವಸ್ತುವಿನಿಂದ ಏಳುವ ಕೆಟ್ಟ ಗಾಳಿಯೇ ರೋಗ ತರುತ್ತದೆ ಎಂಬುದು ಅವನ ನಂಬಿಕೆ. ಅದು ತಪ್ಪು. ಪ್ಲೇಗಿನ ರೋಗಾಣು 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಪತ್ತೆಯಾಗಿತ್ತು. ಅದನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟ ಎಂದು ಪಾಲ್-ಲೂಯಿ ಸಿಮೊಂಡ್ ಹೇಳಿದ್ದು 1898ರಲ್ಲಿ, ನಮ್ಮಲ್ಲಿ ಜನ ಸಾಯುತ್ತಿದ್ದ ವರ್ಷವೇ. ಆದರೆ ಅವನ ಮಾತನ್ನು ಎಲ್ಲರೂ ಒಪ್ಪಲು ವರ್ಷಗಳೇ ಹಿಡಿದವು. ಹೀಗೆ ಗಾಳಿಗೆ ಹೆದರಿ ಅಗಲ ಮಾಡಿದ ಬೀದಿಗಳಲ್ಲಿ ಇಲಿಗೂ ಅಡಗಲು ಜಾಗ ಕಡಿಮೆಯಾಯಿತು. ಕಾರಣ ತಪ್ಪಾಗಿ ತಿಳಿದಿದ್ದರೂ ಕಟ್ಟಿದ್ದು ಒಳ್ಳೆಯದಾಗಿತ್ತು ಎಂದೇ ನನ್ನ ಅಭಿಪ್ರಾಯ.

ಆ ಒಳ್ಳೆಯದು ಎಲ್ಲರಿಗೂ ದಕ್ಕಲಿಲ್ಲ. ಬೀದಿಯಲ್ಲಿ ನಡೆಯುವವರ ಕಣ್ಣಿಗೆ ಮಲ ಬೀಳಬಾರದು, ಅದನ್ನು ಹೊರುವವರೂ ಬೀಳಬಾರದು ಎಂದು ನಕ್ಷೆಯಲ್ಲೇ ಗೆರೆ ಎಳೆದಂತಾಯಿತು. ಜಾತಿ ಹೇರಿದ್ದ ಕೆಲಸಕ್ಕೆ ಆಧುನಿಕ ನಗರ ಅಚ್ಚುಕಟ್ಟಾದ ಹಿಂಬಾಗಿಲು ಮಾಡಿಕೊಟ್ಟಿತು. ಹಳೆಯ ಬಡಾವಣೆಗಳ ಮರ, ಮನೆಗಳ ಅಂದವನ್ನು ಹೊಗಳುವವರು ಈ ಸಂದಿಯ ಮಾತೆತ್ತುವುದೇ ಇಲ್ಲ. ಅದು ನನಗೆ ನೋವಿನ ಸಂಗತಿ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಪಟ್ಟು ಹಿಡಿಯಬೇಕಾಯಿತು. ಸಂಸತ್ತಿನ ನಿಷೇಧದ ಕಾಯ್ದೆ ಬಂದದ್ದು 1993ರಲ್ಲಿ.

ನಿಮ್ಮ ಎರಡನೆಯ ಪ್ರಶ್ನೆಗೆ: ಸೇರಿಸಿಕೊಳ್ಳುವಂತಿಲ್ಲ. ಅದು ಪಾಲಿಕೆಯ ಜಾಗ, ಅಕ್ಕಪಕ್ಕದವರು ಶೆಡ್ ಹಾಕಿಕೊಂಡಿದ್ದರೂ ಅಷ್ಟೇ. ಹಲವೆಡೆ ಒಳಚರಂಡಿಯ ಪೈಪುಗಳು ಈಗ ಇದೇ ಸಂದಿಯ ಕೆಳಗೆ ಹಾದುಹೋಗುತ್ತವೆ. ಒಬ್ಬರು ಗೋಡೆ ಕಟ್ಟಿದರೆ, ಕಟ್ಟಿಕೊಂಡ ಚರಂಡಿಯನ್ನು ಬಿಡಿಸಲು ಯಂತ್ರ ಒಳಗೆ ಬರುವ ದಾರಿಯೂ ಮುಚ್ಚುತ್ತದೆ.