ಕಳವಾದ ಮೇಲೆ ಕ್ಯಾಮೆರಾ: ಮೊದಲು ಬ್ಯಾಟರಿಯ ಲೆಕ್ಕ
ಮನೆಯಲ್ಲೋ ಅಡಿಕೆ ಉಗ್ರಾಣದಲ್ಲೋ ಕಳವಾದೊಡನೆ ಸದಸ್ಯರು ಕ್ಯಾಮೆರಾ ವಿಚಾರಿಸುತ್ತಾರೆ. ಕ್ಯಾಮೆರಾ ಕಳ್ಳನ ಚಿತ್ರ ಹಿಡಿದೀತೇ ಹೊರತು ಅವನನ್ನು ಓಡಿಸದು, ಓಡಿಸುವುದು ಸೈರನ್. ಹಣ ಒಂದಕ್ಕೇ ಸಾಲುವುದಾದರೆ, ಬಾಗಿಲು ತೆರೆದೊಡನೆ ಕೂಗುವ, ಸ್ವಂತ ಬ್ಯಾಟರಿಯುಳ್ಳ ಸೈರನ್ನನ್ನೇ ಮೊದಲು ಹಾಕಿಸಿರಿ. ಒಂಟಿ ಮನೆಯವರು ಸಿಮ್ ಹಾಕಿ ಫೋನಿಗೆ ಕರೆ ಬರುವಂಥದ್ದನ್ನು ಆರಿಸಿರಿ.

ಕ್ಯಾಮೆರಾಕ್ಕೆ ಬಂದರೆ, ಮಳೆಗಾಲದ ನಮ್ಮ ಕರೆಂಟನ್ನು ನೆನೆಯಬೇಕು. ನಾಲ್ಕು ಕ್ಯಾಮೆರಾ, ರೆಕಾರ್ಡರ್ ಸೇರಿ 30 ವ್ಯಾಟ್ ಎಂದಿಟ್ಟುಕೊಳ್ಳಿ. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 84 ವ್ಯಾಟ್-ಅವರ್. ಕಾಗದದ ಮೇಲೇ ಮೂರು ಗಂಟೆ ತುಂಬದು. ಬೆಳಗಿನ ಜಾವಕ್ಕೆ ಎಲ್ಲವೂ ಕುರುಡು! ಮನೆಯ ಇನ್ವರ್ಟರಿಗೆ ಜೋಡಿಸುವುದೇ ಲೇಸು. ರೆಕಾರ್ಡರನ್ನು ಟಿ.ವಿ. ಪಕ್ಕ ಇಡಬೇಡಿರಿ, ಕಳ್ಳ ಅದನ್ನೇ ಹೊತ್ತೊಯ್ದಾನು. ಲೆನ್ಸಿನ ಮುಂದಿನ ಜೇಡರಬಲೆಯನ್ನು ವಾರಕ್ಕೊಮ್ಮೆ ತೆಗೆಯಿರಿ. ರಾತ್ರಿ ಇನ್‌ಫ್ರಾರೆಡ್ ಬೆಳಕು ಅದಕ್ಕೆ ಬಡಿದು ಚಿತ್ರ ಬೆಳ್ಳಗಾಗುತ್ತದೆ.